ಬಿಸಿಲೂರಿನ ಬಿಸ್ಕತ್ತು

ಬಳ್ಳಾರಿಗೆ ಇರುವುದು ಎರಡೇ ಋತು, ಒಂದು ಬೇಸಗೆ, ಇನ್ನೊಂದು ಕಡುಬೇಸಗೆ ಎಂದು ಆ ಊರಿನವರೇ ನಗೆಯಾಡುವುದುಂಟು. ಮೇ ತಿಂಗಳಿನಲ್ಲಿ ಉಷ್ಣಮಾಪಕ ೪೦ ಡಿಗ್ರಿಯನ್ನು ದಾಟಿ ನಿಂತಾಗ, ಕೋಟೆಗುಡ್ಡದ ಬಂಡೆಗಳು ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಊಟದ ಹೊತ್ತಿನವರೆಗೂ ಊರಿನ ಮೇಲೆ ಚೆಲ್ಲುತ್ತಿರುವಾಗ, ಅಡಿಗೆಮನೆಯಲ್ಲಿ ಇದ್ದ ಒಲೆ ಸಾಲದೆಂದು ಇನ್ನೊಂದು ಒಲೆಯನ್ನು ಕಾಯಿಸಿ, ಯಾರ ಬಲವಂತವೂ ಇಲ್ಲದೆ, ಕೇವಲ ಹವ್ಯಾಸಕ್ಕೆಂದು ಅದರ ಮುಂದೆ ನಿಲ್ಲುವವರು ಇದ್ದಾರೆಯೆ? ಇದ್ದಾರೆ. ಗಾಂಧಿನಗರ, ಪಾರ್ವತಿನಗರ, ಸತ್ಯನಾರಾಯಣಪೇಟೆಗಳ ಬೀದಿಗಳಲ್ಲಿ ಸಂಜೆ ಹೊತ್ತು ನಡೆದುಹೋದರೆ, ಮಿರ್ಚಿಯ ಎಣ್ಣೆಯ ವಾಸನೆಯ ನಡುವೆ ಎಲ್ಲೋ ಒಂದು ಕಿಟಕಿಯಿಂದ ಬೆಣ್ಣೆ ಸಕ್ಕರೆಗಳು ಬೆಂದು ಕೆಂಪಾಗುವ ಕಂಪು ತೇಲಿ ಬರುತ್ತದೆ. ಬೇಕರಿ ಎಲ್ಲಿದೆಯೆಂದು ಹೊಸಬರು ಹುಡುಕುತ್ತಾರೆ. ಅಲ್ಲಿ ಬೇಕರಿ ಇಲ್ಲ, ಯಾರದೋ ಮನೆ.

ಈ ಹವ್ಯಾಸ ಮನೆಮನೆಗೆ ಹಬ್ಬಿದ್ದು ೨೦೨೦ರ ಮಾರ್ಚಿಯಿಂದ ಈಚೆಗೆ. ಮಹಾಮಾರಿಗೆ ಹೆದರಿ ದೇಶವೇ ಬಾಗಿಲಿಕ್ಕಿಕೊಂಡ ಆ ದಿನಗಳಲ್ಲಿ ಮಕ್ಕಳ ಹುಟ್ಟಿದಹಬ್ಬಗಳು ಮಾತ್ರ ಮುಂದಕ್ಕೆ ಹೋಗಲು ಒಪ್ಪಲಿಲ್ಲ. ಕುಕ್ಕರಿನ ರಬ್ಬರು, ಸೀಟಿಗಳನ್ನು ತೆಗೆದಿಟ್ಟು, ತಳಕ್ಕೆ ಎರಡು ಬೊಗಸೆ ಉಪ್ಪು ಹರವಿ, ಅದರ ಮೇಲೊಂದು ಪಾತ್ರೆಯಿರಿಸಿ ಕೇಕು ಬೇಯಿಸುವುದು ಎಷ್ಟೋ ಗೃಹಿಣಿಯರಿಗೆ ಈ ವಿದ್ಯೆಯ ಓಂಕಾರವಾಯಿತು. ಅಂಗಡಿಗಳು ತೆರೆದ ಮೇಲೆ ಹೆಚ್ಚಿನವರು ಕುಕ್ಕರನ್ನು ಬೇಳೆಗೆ ಹಿಂದಿರುಗಿಸಿದರು. ಕೆಲವರು ಹಿಂದಿರುಗಲಿಲ್ಲ. ಗಾಂಧಿನಗರದ ಒಂದು ಮನೆಯ ಸೊಸೆ ಅಂಥವರಲ್ಲಿ ಒಬ್ಬಳು.

ಆಕೆಯ ತವರು ಸಿರುಗುಪ್ಪ, ಅತ್ತೆಯ ತವರು ಕುರುಗೋಡು. ಲಿಂಗಪೂಜೆ ಮುಗಿಸದೆ ಹನಿ ನೀರನ್ನೂ ಬಾಯಿಗೆ ಹಾಕದ ಅತ್ತೆ, ಬೇಕರಿಯ ತಿನಿಸನ್ನು ಮುಟ್ಟಿದವರಲ್ಲ. ಒಳಗೆ ತತ್ತಿ ಇದ್ದರೆ? ಸಂಜೆಗೆ ಒಗ್ಗರಣೆ ಮಂಡಕ್ಕಿ, ಜೊತೆಗೆರಡು ಮಿರ್ಚಿ ಇದ್ದರೆ ಆ ಮನೆಯ ಗಂಡಸರು ತೃಪ್ತರು. ಇಂಥ ಮನೆಗೆ ಇಪ್ಪತ್ತೆಂಟು ಲೀಟರಿನ ವಿದ್ಯುತ್ ಓವನ್ನು ಬಂದು, ಹಿಟ್ಟಿನ ಡಬ್ಬದ ಪಕ್ಕದ ಕಟ್ಟೆಯ ಮೇಲೆ ಕುಳಿತಾಗ ಅತ್ತೆ ಅದಕ್ಕೆ 'ಪೆಟಿಗಿ' ಎಂದು ಹೆಸರಿಟ್ಟರು. ಅದರೊಳಗೆ ಬೆಂದದ್ದು ಅಡಿಗೆಯೆಂದು ಒಪ್ಪುವುದಕ್ಕೆ ಅವರಿಗೆ ಮನಸ್ಸಿರಲಿಲ್ಲ. ಅಡಿಗೆಯೆಂದರೆ ಕಣ್ಣೆದುರಿಗೆ ಕುದಿಯಬೇಕು, ಕೈ ಆಡಿಸಬೇಕು.

"ಕಲಸಿ ಒಳಗಿಟ್ಟು ಬಾಗಿಲಾ ಹಾಕಿ ಹೊರಗ ಕುಂತರ ಅದೆಂಥಾ ಅಡಿಗಿ ತಾಯೀ?"

ಮೊದಲ ಪ್ರಯೋಗವನ್ನು ಆ ಮನೆಯವರು ಇಂದಿಗೂ ಮರೆತಿಲ್ಲ. ಚಾಕೊಲೇಟು ಚೂರುಗಳ ಕುಕ್ಕಿಯದು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಟೋಲ್ ಹೌಸ್ ಎಂಬ ವಸತಿಗೃಹವನ್ನು ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಎಂಬಾಕೆ ೧೯೩೦ರ ದಶಕದಲ್ಲಿ ಬಳಕೆಗೆ ತಂದ ತಿನಿಸು ಅದು. ಸೊಸೆ ಓದಿದ ಪಾಕವಿಧಾನದ ಮೊದಲ ಸಾಲೇ 'ಕೋಣೆಯ ಉಷ್ಣತೆಯಲ್ಲಿರುವ ಬೆಣ್ಣೆ'. ಆಕೆ ಬೆಣ್ಣೆಯನ್ನು ಕೋಣೆಯಲ್ಲಿಟ್ಟಳು. ಅದು ಏಪ್ರಿಲ್ ತಿಂಗಳು, ಕೋಣೆ ಬಳ್ಳಾರಿಯದು. ಅರ್ಧ ಗಂಟೆಗೆ ಬೆಣ್ಣೆ ಬೆಣ್ಣೆಯಾಗಿ ಉಳಿದಿರಲಿಲ್ಲ. ಆದರೂ ಪುಸ್ತಕ ಹೇಳಿದಂತೆ ಸಕ್ಕರೆಯೊಡನೆ ಕಡೆದು, ತತ್ತಿಯ ಬದಲಿಗೆ ಹಾಲು ಹಾಕಿ, ಹಿಟ್ಟು ಸೇರಿಸಿ, ಹನ್ನೆರಡು ಉಂಡೆಗಳನ್ನು ತಟ್ಟೆಯ ಮೇಲೆ ದೂರದೂರ ಇಟ್ಟು ಬಾಗಿಲು ಮುಚ್ಚಿದಳು. ಹತ್ತು ನಿಮಿಷದಲ್ಲಿ ಹನ್ನೆರಡೂ ಒಂದಾಗಿ, ಅಂಚಿನಲ್ಲಿ ಕರಿಕಾಗಿ, ನಡುವೆ ಗುಳ್ಳೆಯೆದ್ದು, ತಟ್ಟೆಯ ಆಕಾರವನ್ನೇ ತಾಳಿದ್ದವು.

"ಏನಿದು, ಹಪ್ಪಳಾನ?" ಎಂದರು ಅತ್ತೆ.

"ಹಪ್ಪಳ ಅಲ್ಲರೀ ಅತ್ತಿ. ಬಿಸ್ಕತ್ತು."

"ಬಿಸ್ಕತ್ತಾದ್ರ ಒಂದೊಂದಾಗಿ ಇರಬೇಕಲ್ಲ. ಇವು ಕೈಕೈ ಹಿಡಕೊಂಡು ಕುಂತಾವು!"

ಆ ರಾತ್ರಿ ಸೊಸೆ ಅತ್ತಳೋ ಇಲ್ಲವೋ ತಿಳಿಯದು. ಆದರೆ ಒಂದು ದೋಷ ಆಕೆಯದಲ್ಲವೆಂಬುದನ್ನು ಆಕೆ ಬೇಗನೆ ಕಂಡುಕೊಂಡಳು. ಪುಸ್ತಕ ಬರೆದವರ ಕೋಣೆ ಬೇರೆ, ಆಕೆಯ ಕೋಣೆ ಬೇರೆ. ಅವರ ಕೋಣೆಯೆಂದರೆ ೧೮ರಿಂದ ೨೦ ಡಿಗ್ರಿ. ಆ ಕಾವಿನಲ್ಲಿ ಬೆಣ್ಣೆ ಬೆರಳಿಗೆ ಒತ್ತಿದರೆ ತಗ್ಗಬೇಕು, ಕರಗಬಾರದು. ಹಾಗಿರುವಾಗ ಸಕ್ಕರೆಯ ಹರಳುಗಳು ಬೆಣ್ಣೆಯನ್ನು ಕೊರೆಯುತ್ತ ಅದರೊಳಗೆ ಕಣ್ಣಿಗೆ ಕಾಣದ ಗಾಳಿಯ ಗೂಡುಗಳನ್ನು ಕಟ್ಟುತ್ತವೆ. ಕುಕ್ಕಿ ಉಬ್ಬಿ ಹಗುರಾಗುವುದು ಮುಖ್ಯವಾಗಿ ಆ ಗೂಡುಗಳಿಂದ. ಬೆಣ್ಣೆ ೩೨ರಿಂದ ೩೫ ಡಿಗ್ರಿಯ ಒಳಗೆ ಪೂರ್ತಿ ಕರಗಿಬಿಡುತ್ತದೆ. ಕರಗಿದ ಜಿಡ್ಡಿನಲ್ಲಿ ಗಾಳಿ ನಿಲ್ಲುವುದೆಲ್ಲಿ? ಓವನ್ನಿನೊಳಗೆ ಹಿಟ್ಟು ಬೆಂದು ಗಟ್ಟಿಯಾಗಲು ಕೆಲವು ನಿಮಿಷಗಳಾದರೂ ಬೇಕು. ತಣ್ಣನೆಯ ಬೆಣ್ಣೆಯಾದರೆ ಅಷ್ಟು ಹೊತ್ತು ತಡೆದು ನಿಲ್ಲುತ್ತದೆ; ಮೊದಲೇ ಕರಗಿದ್ದರೆ ಸಕ್ಕರೆಯೂ ಪಾಕವಾಗಿ ಅದರೊಡನೆ ಹರಿದುಹೋಗುತ್ತದೆ. ಅಂದಿನ ಹನ್ನೆರಡು ಬಿಸ್ಕತ್ತುಗಳು ಕೈಕೈ ಹಿಡಿದದ್ದು ಹೀಗೆ.

ಪಾಕವಿಧಾನವೆಂಬುದು ತನ್ನ ಊರಿನ ಹವೆಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಬರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೆ.

ಓವನ್ನಿನ ತಿನಿಸು ಈ ಸೀಮೆಗೆ ತೀರ ಹೊಸದೇನೂ ಅಲ್ಲ. ೧೮೦೦ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಇಲ್ಲಿ ದೊಡ್ಡ ದಂಡು ನೆಲೆಸಿತು. ಕಂಟೋನ್ಮೆಂಟ್ ಎಂಬ ಹೆಸರು ಇಂದಿಗೂ ರೈಲ್ವೆ ನಿಲ್ದಾಣಕ್ಕೆ ಅಂಟಿಕೊಂಡಿದೆ. ದಂಡಿಗೆ ಸರಕು ಒದಗಿಸಲು ಹುಟ್ಟಿದ ಪೇಟೆ ಕೌಲ್ ಬಜಾರ್. ಸಿಪಾಯಿಗಳಿದ್ದ ಕಡೆ ರೊಟ್ಟಿಯ ಭಟ್ಟಿಯೂ ಇರಲೇಬೇಕು. ಅದಕ್ಕೂ ಹಿಂದಿನ ಮಾತು ಬೇಕಾದರೆ, ೧೬ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ಬರೆದ 'ಸೂಪಶಾಸ್ತ್ರ'ವನ್ನು ತೆರೆಯಬಹುದು. ಹಿಟ್ಟಿನ ತಿನಿಸುಗಳಿಗೆಂದೇ ಅದರಲ್ಲಿ ಒಂದು ಅಧ್ಯಾಯವಿದೆ. ಅದರಲ್ಲಿ ಬರುವ ಮುಚ್ಚಳರೊಟ್ಟಿಯನ್ನು ಬೇಯಿಸುವುದು ಕೆಳಗೂ ಕೆಂಡ, ಮೇಲಿನ ಮುಚ್ಚಳದ ಮೇಲೂ ಕೆಂಡವಿಟ್ಟು. ಗಾಂಧಿನಗರದ ಪೆಟಿಗೆಯಲ್ಲಿ ಮೇಲೊಂದು, ಕೆಳಗೊಂದು ಕೆಂಪಗೆ ಕಾಯುವ ಕಂಬಿಗಳಿವೆಯಲ್ಲ, ಉಪಾಯ ಅದೇ. ಇನ್ನು 'ಬಿಸ್ಕತ್ತು' ಎಂಬ ಮಾತಿನ ಮೂಲ ಲ್ಯಾಟಿನ್. ಎರಡು ಸಲ ಬೆಂದದ್ದು ಎಂದರ್ಥ. 'ಕುಕ್ಕಿ' ಡಚ್ಚರ ಮಾತಿನಿಂದ ಬಂದದ್ದು. ಸಣ್ಣ ಕೇಕು ಎಂದರ್ಥ. ಸೊಸೆಯ ಕುಕ್ಕಿಗಳಾದರೋ ಮೊದಲ ತಿಂಗಳು ಎರಡಲ್ಲ, ನಾಲ್ಕು ಸಲ ಬೆಂದವು.

ನಾಲ್ಕನೆಯ ಸೋಲಿನ ಮರುದಿನ ಆಕೆ ಮಗನ ಹಳೆಯ ಲೆಕ್ಕದ ಪುಸ್ತಕದಲ್ಲಿ ಉಳಿದಿದ್ದ ಬಿಳಿಹಾಳೆಗಳಿಗೆ ಗೆರೆ ಹಾಕಿದಳು. ದಿನಾಂಕ, ಹೊತ್ತು, ಬೆಣ್ಣೆಯ ತೂಕ, ಹಿಟ್ಟಿನ ತೂಕ, ಕಾವು, ನಿಮಿಷ, ಫಲ. ಹವ್ಯಾಸ ವಿದ್ಯೆಯಾದದ್ದು ಅಂದೇ ಎನ್ನಬೇಕು. ಅಲ್ಲಿಯವರೆಗೆ ಎಲ್ಲವೂ 'ಕಪ್ಪಿ'ನ ಲೆಕ್ಕ. ಅಮೆರಿಕದ ಕಪ್ಪು ಸುಮಾರು ೨೪೦ ಮಿಲಿಲೀಟರು. ಆ ಮನೆಯ ಸ್ಟೀಲು ಲೋಟ ಎಷ್ಟೆಂದು ಬಲ್ಲವರಾರು! ಲೋಟ ಒಂದೇ ಆದರೂ ಹಗುರಾಗಿ ತುಂಬಿದ ಮೈದಾ ೧೨೦ ಗ್ರಾಂ ತೂಗಿದರೆ, ಕುಕ್ಕಿ ಒತ್ತಿದ ಮೈದಾ ೧೫೦ ತೂಗುತ್ತದೆ. ತಕ್ಕಡಿ ಬಂತು. ಓವನ್ನಿನೊಳಗೆ ತೂಗುಹಾಕುವ ಪುಟ್ಟ ಉಷ್ಣಮಾಪಕವೂ ಬಂತು. ಗುಂಡಿಯನ್ನು ೧೮೦ಕ್ಕೆ ತಿರುಗಿಸಿದರೆ ಒಳಗೆ ೨೦೦ ಆಗುತ್ತಿದೆಯೆಂಬ ಗುಟ್ಟನ್ನು ಅದು ಹೊರಗೆಡಹಿತು. ಇಂಥ ಸಣ್ಣ ಓವನ್ನುಗಳ ಗುಂಡಿಯನ್ನು ನಂಬಿ ಕೆಟ್ಟವರು ಬಹಳ.

ಬೆಣ್ಣೆಯ ಕುಕ್ಕಿಯನ್ನು ಆಕೆ ಬಿಡಲಿಲ್ಲ, ಹೊತ್ತನ್ನು ಬದಲಿಸಿದಳು. ಬೇಸಗೆಯಲ್ಲಿ ಬೆಳಗಿನ ಐದು ಗಂಟೆಗೆ ಎದ್ದು, ಮಂಜುಗಡ್ಡೆ ಹಾಕಿದ ನೀರಿನ ಮೇಲೆ ಬೋಗುಣಿಯಿಟ್ಟು ಬೆಣ್ಣೆ ಸಕ್ಕರೆ ಕಡೆಯುವುದು, ಉಂಡೆಗಳನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ನೇರವಾಗಿ ಬಿಸಿ ಓವನ್ನಿಗೆ ಹಾಕುವುದು. ಉಂಡೆಗಳು ದುಂಡಗೆ ನಿಂತವು. ನೆರೆಮನೆಯ ಮಕ್ಕಳು ಚೆನ್ನಾಗಿದೆಯೆಂದರು. ಅತ್ತೆ ಮಾತ್ರ ದೂರದಿಂದಲೇ ನೋಡಿ, "ಈಗ ಬಿಸ್ಕತ್ತು ಆದ್ವು," ಎಂದರು, ಬಾಯಿಗಿಡಲಿಲ್ಲ.

ಕುರುಗೋಡಿನಿಂದ ಬೆಣ್ಣೆ ಬಂದದ್ದು ಆ ದಿನಗಳಲ್ಲಿ. ಅಲ್ಲಿ ಅತ್ತೆಯ ಅಣ್ಣನ ಮನೆಯಲ್ಲಿ ಎಮ್ಮೆಗಳುಂಟು. ಊರಿನ ದೊಡ್ಡಬಸವೇಶ್ವರನ ಗುಡಿಯ ಏಕಶಿಲೆಯ ಬಸವಣ್ಣನನ್ನು ಕಂಡವರಿಗೆ ಆ ಊರಿನ ಅಳತೆಗಳೇ ದೊಡ್ಡವೆಂದು ಗೊತ್ತು. ಬೆಣ್ಣೆಯೂ ಹಾಗೆಯೇ, ದೊಡ್ಡ ಡಬ್ಬದ ತುಂಬ. ಮನೆಯ ಬೆಣ್ಣೆಗಿಂತ ಮೇಲಿನದುಂಟೆ ಎಂದು ಸೊಸೆ ಅದನ್ನೇ ಹಾಕಿದಳು. ಮತ್ತೆ ಹಪ್ಪಳ! ಪೇಟೆಯ ಬೆಣ್ಣೆಯಲ್ಲಿ ನೂರಕ್ಕೆ ೮೦ ಜಿಡ್ಡು, ೧೬ರಷ್ಟು ನೀರು ಎಂಬ ಲೆಕ್ಕ ಸಾಮಾನ್ಯವಾಗಿ ತಪ್ಪದು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಇಂದು ಒಂದಷ್ಟು, ನಾಳೆ ಇನ್ನೊಂದಷ್ಟು. ಆಕೆ ೧೦೦ ಗ್ರಾಂ ಬೆಣ್ಣೆ ಕಾಸಿ ತೂಗಿ ನೋಡಿದಳು. ಒಮ್ಮೆ ೭೮ ಗ್ರಾಂ ತುಪ್ಪ ಬಂತು, ಇನ್ನೊಮ್ಮೆ ೭೨. ಇಂಥ ಚಂಚಲೆಯನ್ನು ನಂಬಿ ಬಿಸ್ಕತ್ತು ಮಾಡುವುದೆಂತು?

ಅದನ್ನು ಬಿಡಿಸಿದ್ದು ಅತ್ತೆಯ ಒಂದು ನೆನಪು. ಕೇಳದೆಯೇ ಬಂದದ್ದು. ಅವರ ಬಾಲ್ಯದಲ್ಲಿ ದೀಪಾವಳಿಗೆ ಮುಂಚೆ ಮನೆಯ ಮೈದಾ, ತುಪ್ಪ, ಸಕ್ಕರೆಗಳನ್ನು ಡಬ್ಬದಲ್ಲಿ ಹೊತ್ತು ಭಟ್ಟಿಗೆ ಕೊಂಡುಹೋಗುತ್ತಿದ್ದರಂತೆ. ಭಟ್ಟಿಯವನು ಕಣ್ಣೆದುರಿಗೇ ಕಲಸಿ, ಬೇಯಿಸಿ, ಬಿಸಿಬಿಸಿಯಾಗಿ ಡಬ್ಬ ತುಂಬಿ ಕೊಡುತ್ತಿದ್ದನಂತೆ. "ಅದರಾಗ ತತ್ತಿ ಇರಲಿಲ್ಲ. ಬೆಣ್ಣಿನೂ ಇರಲಿಲ್ಲ. ಬರೇ ತುಪ್ಪ. ನಾನ್‌ಖಟಾಯಿ ಅಂತಿದ್ರು. ಬಾಯಾಗ ಇಟ್ಟರ ಕರಗತಿತ್ತು."

ನಾನ್‌ಖಟಾಯಿ ಸೂರತ್ತಿನ ಕಡೆಯಿಂದ ದಕ್ಷಿಣಕ್ಕೆ ಹರಡಿದ ತಿನಿಸು. ಡಚ್ಚರು ಬಿಟ್ಟುಹೋದ ಭಟ್ಟಿಯಲ್ಲಿ ಪಾರಸಿಯೊಬ್ಬ ಆರಂಭಿಸಿದನೆಂದು ಹೇಳುವರು. ಹುಟ್ಟಿದ್ದೇ ಬಿಸಿಲಿನ ಊರಿನಲ್ಲಿ. ಅದರ ಜಿಡ್ಡು ತುಪ್ಪ, ತುಪ್ಪದಲ್ಲಿ ನೀರಿಲ್ಲ. ಸಕ್ಕರೆಯೂ ಅಮೆರಿಕದ ಕುಕ್ಕಿಗಿಂತ ಕಡಿಮೆ. ಆದ್ದರಿಂದ ಹಿಟ್ಟು ಹರಿಯದು. ಬಳ್ಳಾರಿಯ ಬೇಸಗೆಯನ್ನು ಅದು ಮೊದಲೇ ಬಲ್ಲುದು. ಕುರುಗೋಡಿನ ಬೆಣ್ಣೆಯೆಲ್ಲ ತುಪ್ಪವಾಯಿತು. ನೀರಿನ ಚಿಂತೆ ತೀರಿತು.

ಆದರೂ ಮೊದಲ ಸಲದ ನಾನ್‌ಖಟಾಯಿ ಅತ್ತೆ ಹೇಳಿದಂತೆ ಬಾಯಲ್ಲಿ ಕರಗಲಿಲ್ಲ, ಕಡಿಯಬೇಕಾಯಿತು. ದೋಷ ಮೈದಾದಲ್ಲಿತ್ತು. ಹಿಟ್ಟನ್ನು ನಾದಿದಷ್ಟೂ ಗೋದಿಯ ಅಂಟು ಬಲಿಯುತ್ತದೆ. ಹೋಳಿಗೆಯ ಕಣಕಕ್ಕೆ ಅದು ಗುಣ, ಬಿಸ್ಕತ್ತಿಗೆ ಅವಗುಣ. ಸಿರುಗುಪ್ಪದಿಂದ ಬಂದ ತಮ್ಮ ಮೂಟೆಯೊಂದನ್ನು ಇಳಿಸಿದ್ದ: ತವರಿನ ಸೋನಾ ಮಸೂರಿ, ಜೊತೆಗೆ ಗಿರಣಿಯಲ್ಲಿ ನುಣ್ಣಗೆ ಬೀಸಿಸಿದ ಅಕ್ಕಿಹಿಟ್ಟು. ಸಿರುಗುಪ್ಪಕ್ಕೂ ಅಕ್ಕಿಗೂ ಇರುವ ನಂಟು ನಿನ್ನೆಯದಲ್ಲ. ತುಂಗಭದ್ರೆಯಿಂದ ವಿಜಯನಗರದ ಅರಸರ ಕಾಲದ ಕಾಲುವೆ ಅಲ್ಲಿಗೆ ನೀರು ತಂದಿತ್ತು. ೧೯೫೩ರಲ್ಲಿ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ತಾಲ್ಲೂಕಿನ ಬಹುಭಾಗ ಹಸುರಾಯಿತು, ಗಿರಣಿಗಳು ಎದ್ದವು. ಅಕ್ಕಿಯಲ್ಲಿ ಗೋದಿಯ ಅಂಟಿಲ್ಲ. ಮೈದಾದ ಐದರಲ್ಲೊಂದು ಪಾಲನ್ನು ತೆಗೆದು ಅಕ್ಕಿಹಿಟ್ಟು ಹಾಕಿದಾಗ ಬಿಸ್ಕತ್ತು ಕೈಯಲ್ಲಿ ಗಟ್ಟಿ, ಬಾಯಲ್ಲಿ ಪುಡಿ. ಸ್ಕಾಟ್ಲೆಂಡಿನವರೂ ತಮ್ಮ ಬೆಣ್ಣೆಬಿಸ್ಕತ್ತಿಗೆ ಅಕ್ಕಿಹಿಟ್ಟು ಬೆರೆಸುವುದುಂಟೆಂದು ಆಕೆ ಆಮೇಲೆ ಓದಿ ಹಿಗ್ಗಿದಳು. ಲೆಕ್ಕದ ಪುಸ್ತಕದಲ್ಲಿ ಆ ಪುಟಕ್ಕೆ ಕೆಂಪು ಗೆರೆಯ ಚೌಕಟ್ಟಿದೆ: ಮೈದಾ ೧೨೦ ಗ್ರಾಂ, ಅಕ್ಕಿಹಿಟ್ಟು ೩೦, ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿ ಕಡೆದ ತುಪ್ಪ ೯೦, ಪುಡಿಸಕ್ಕರೆ ೭೦, ಚಿಟಿಕೆ ಅಡಿಗೆ ಸೋಡ, ಏಲಕ್ಕಿ. ನಾದಬಾರದು, ಕೂಡಿಸಿದರೆ ಸಾಕು. ೧೬೫ ಡಿಗ್ರಿ, ೧೬ ನಿಮಿಷ. ಓವನ್ನಿನಿಂದ ತೆಗೆದಾಗ ಮೆತ್ತಗಿದ್ದರೆ ಹೆದರಬಾರದು. ಆರಿದ ಮೇಲೆ ಗಟ್ಟಿಯಾಗುತ್ತದೆ.

ಅತ್ತೆ ಒಂದನ್ನು ಕೈಗೆತ್ತಿಕೊಂಡರು, ಮೂಸಿದರು, "ವಾಸನಿ ಅದೇ ಐತಿ," ಎಂದು ಮೊಮ್ಮಗನಿಗೆ ಕೊಟ್ಟರು.

ಬ್ರೌನಿಯ ಕಥೆ ಇನ್ನೂ ದೀರ್ಘ. ಕೇಕೂ ಅಲ್ಲದ, ಮಿಠಾಯಿಯೂ ಅಲ್ಲದ ಈ ಕರಿಯ ಚೌಕ ಹುಟ್ಟಿದ್ದು ಅಮೆರಿಕದಲ್ಲಿ. ಫ್ಯಾನಿ ಫಾರ್ಮರ್ ಎಂಬಾಕೆಯ ಅಡಿಗೆಯ ಪುಸ್ತಕದ ೧೯೦೬ರ ಮುದ್ರಣದಲ್ಲಿ ಅದರ ಚಾಕೊಲೇಟು ರೂಪ ಸಿಗುತ್ತದೆ. ಆದರೆ ಅದರ ಜೀವಾಳವಾದ ಕೋಕೋವಿಗೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ದಕ್ಷಿಣ ಕನ್ನಡದ ಅಡಕೆ ತೋಟಗಳ ನೆರಳಿನಲ್ಲಿ ಬೆಳೆಯುತ್ತದೆ. ೧೯೭೩ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಸಹಕಾರ ಸಂಸ್ಥೆ ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ತೊಡಕು ಕೋಕೋವಿನದಲ್ಲ, ತತ್ತಿಯದು. ಬ್ರೌನಿಯಲ್ಲಿ ತತ್ತಿ ಮೂರು ಕೆಲಸ ಮಾಡುತ್ತದೆ: ಜಿಡ್ಡು ನೀರುಗಳನ್ನು ಬೆಸೆಯುತ್ತದೆ, ಬೆಂದಾಗ ಗಟ್ಟಿಯಾಗಿ ಆಕಾರ ಕೊಡುತ್ತದೆ, ಸಕ್ಕರೆಯೊಡನೆ ಸೇರಿ ಮೇಲೊಂದು ಮಿರುಗುವ ಪೊರೆ ಕಟ್ಟುತ್ತದೆ. ತತ್ತಿಯೊಲ್ಲದ ಮನೆಯಲ್ಲಿ ಈ ಮೂರನ್ನೂ ಮಾಡುವವರಾರು? ಮೊಸರು ಸೋಡ ಹಾಕಿದರೆ ಉಬ್ಬಿ ಕೇಕಾಯಿತು. ಹಾಲಿನ ಪುಡಿ ಹಾಕಿದರೆ ಬರ್ಫಿಯ ತಂಗಿಯಾಯಿತು. ಬಾಳೆಹಣ್ಣು ಹಾಕಿದರೆ ಬಾಳೆಹಣ್ಣಿನ ವಾಸನೆಯೇ ಗೆದ್ದಿತು. ಆರು ಪುಟಗಳ ತುಂಬ ಇಂಥ ಫಲಗಳೇ.

ಒಂದು ಮಧ್ಯಾಹ್ನ ಸೊಸೆ ಬೇಸತ್ತು ಕುಳಿತಿರುವಾಗ ಅತ್ತೆ ಅಗಸೆಯ ಚಟ್ನಿಪುಡಿಗೆ ಅಗಸೆ ಹುರಿಯುತ್ತಿದ್ದರು. ತತ್ತಿಯ ಕೆಲಸವೇನೆಂದು ಸೊಸೆ ವಿವರಿಸಿದಳು; ಆ ಶಬ್ದ ಆ ಅಡಿಗೆಮನೆಯಲ್ಲಿ ಅಷ್ಟು ಹೊತ್ತು ಉಚ್ಚಾರವಾದದ್ದು ಅದೇ ಮೊದಲು.

"ಅಂಟು ಬೇಕು, ಲೋಳಿ ಬೇಕು, ಅಷ್ಟ ಹೌದಿಲ್ಲೋ?" ಎಂದರು ಅತ್ತೆ. "ಹಸೀ ಅಗಸಿ ಪುಡಿ ಮಾಡಿ ನೀರಾಗ ಹಾಕಿ ನೋಡು. ಕೈಯಿಂದ ಬಿಡಂಗಿಲ್ಲ ಅದು."

ಒಂದು ದೊಡ್ಡ ಚಮಚ ಅಗಸೆ ಪುಡಿಗೆ ಮೂರು ಚಮಚ ನೀರು. ಹತ್ತು ನಿಮಿಷಕ್ಕೆ ಲೋಳೆ ಕಟ್ಟುತ್ತದೆ. ಒಂದು ತತ್ತಿಗೆ ಅದು ಸಮ. ಈ ಲೆಕ್ಕ ಹೊರದೇಶದ ಪುಸ್ತಕಗಳಲ್ಲಿಯೂ ಉಂಟು, ಸೊಸೆ ಅದನ್ನು ಓದಿಯೂ ಇದ್ದಳು. ಆದರೆ ಆಂಗ್ಲ ಹೆಸರಿನಲ್ಲಿ ಓದಿದ ಆ ಬೀಜ ತನ್ನ ಮನೆಯ ಗೂಡಿನಲ್ಲಿ ಮಣ್ಣಿನ ಗಡಿಗೆಯ ತುಂಬ ಕುಳಿತಿದೆಯೆಂದು ಆಕೆಗೆ ಹೊಳೆದಿರಲಿಲ್ಲ. ವಿದ್ಯಾವಂತರಿಗೆ ಇದು ಆಗುವುದೇ. ಬೆಣ್ಣೆ ೧೦೦ ಗ್ರಾಂ, ಸಕ್ಕರೆ ೧೮೦, ಕೋಕೋ ೪೦, ಮೈದಾ ೯೦, ಎರಡು ತತ್ತಿಯ ಬದಲಿಗೆ ಅಗಸೆಯ ಲೋಳೆ. ಬ್ರೌನಿಗೆ ಬೆಣ್ಣೆ ಕರಗಿಯೇ ಇರಬೇಕಾದುದರಿಂದ ಬಳ್ಳಾರಿಯ ಬಿಸಿಲು ಇಲ್ಲಿ ಶತ್ರುವಲ್ಲ, ಬಿಟ್ಟಿ ಕೆಲಸದಾಳು. ಮಿರುಗುವ ಪೊರೆ ಬರಲಿಲ್ಲ. ಉಳಿದೆಲ್ಲ ಬಂತು: ಅಂಚು ಗರಿ, ಒಡಲು ಮೆತ್ತಗೆ, ಚಾಕು ಚುಚ್ಚಿದರೆ ಒದ್ದೆಯಾದ ತರಿ ಅಂಟುವಷ್ಟು ಹಸಿ. ಪೂರ್ತಿ ಬೆಂದ ಬ್ರೌನಿ ಕೆಟ್ಟ ಬ್ರೌನಿ.

"ಕರ್ರಗ ಸೀದಂಗ ಐತಿ," ಎಂದರು ಅತ್ತೆ. ತಿನ್ನಲಿಲ್ಲ.

ಅವರು ಮೊದಲು ತಿಂದದ್ದು ಒಂದು ಸೋಲನ್ನು. ವಿಶ್ವಸಂಸ್ಥೆ ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಎಲ್ಲೆಲ್ಲೂ ನವಣೆ, ಕೊರಲೆ, ಜೋಳಗಳ ಮಾತು. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಗುಡ್ಡಗಳ ಮೇಲೆ ನೂತನ ಶಿಲಾಯುಗದ ಜನ ಉಂಡದ್ದರಲ್ಲಿ ಕೊರಲೆಯೂ ಒಂದೆಂದು ಅಗೆತದಲ್ಲಿ ಸಿಕ್ಕ ಸುಟ್ಟ ಕಾಳುಗಳಿಂದ ತಿಳಿದಿದೆ. ಅಂಥ ಸೀಮೆಯಲ್ಲಿ ಜೋಳದ ಬಿಸ್ಕತ್ತು ಆಗಬಾರದೇಕೆ? ಜೋಳದಲ್ಲಿ ಗೋದಿಯ ಅಂಟಿಲ್ಲ, ಮುಟ್ಟಿದರೆ ಉದುರಿತು. ರೊಟ್ಟಿಗೆ ಮಾಡುವಂತೆ ಎಸರಿಟ್ಟು ಹಿಟ್ಟು ಕಲಸೆಂದು ಅತ್ತೆಯೇ ಹೇಳಿದರು; ಕುದಿನೀರಿಗೆ ಜೋಳದ ಪಿಷ್ಟ ಬೆಂದು ಅಂಟಾಗುವುದು ಉತ್ತರದ ಹೆಂಗಸರಿಗೆಲ್ಲ ಗೊತ್ತಿರುವ ರಸಾಯನ. ಬಿಸ್ಕತ್ತು ಒಡೆಯಲಿಲ್ಲ. ಒಡೆಯಲಿಲ್ಲವೆಂದರೆ ಹಲ್ಲಿಗೂ ಒಡೆಯಲಿಲ್ಲ! ಸೊಸೆ ಕಸದ ಬುಟ್ಟಿಗೆ ಸುರಿಯುವುದರಲ್ಲಿದ್ದಳು. ಅತ್ತೆ ತಟ್ಟೆಯನ್ನು ಕಿತ್ತುಕೊಂಡು, "ಖಡಕ್ ರೊಟ್ಟಿ ಇದು. ಅನ್ನಾ ಯಾಕ ಚೆಲ್ಲತಿ?" ಎಂದು ಶೇಂಗಾ ಚಟ್ನಿಪುಡಿ, ಮೊಸರು ಹಚ್ಚಿಕೊಂಡು ನಾಲ್ಕನ್ನು ಉಂಡೆದ್ದರು. ಪುಸ್ತಕದ 'ಫಲ' ಎಂಬ ಅಂಕಣದಲ್ಲಿ ಸೊಸೆ ಏನೂ ಬರೆಯದೆ ಬಿಟ್ಟಳು.

ಹವ್ಯಾಸ ಹೊಸ್ತಿಲು ದಾಟಿದ್ದು ತಾನಾಗಿಯೇ. ನೆರೆಹೊರೆಯವರು ದೀಪಾವಳಿಗೆ ಡಬ್ಬಗಳನ್ನು ಕೇಳಿದರು, ಹಣ ಕೊಡುತ್ತೇವೆಂದರು. ಮನೆಯ ಅಡಿಗೆಯನ್ನು ಮಾರುವುದಾದರೂ ೨೦೦೬ರ ಆಹಾರ ಸುರಕ್ಷತಾ ಕಾಯಿದೆಯಂತೆ ಹೆಸರು ನೋಂದಾಯಿಸಬೇಕು, ಆಕೆ ನೋಂದಾಯಿಸಿದಳು. ಆಮೇಲೆ ಸಂತೋಷಕ್ಕೆ ಮಾಡುತ್ತಿದ್ದದ್ದು ಗಡುವಿಗೆ ಮಾಡುವಂಥದಾಯಿತು. ಹೊಸ ಪ್ರಯೋಗದ ಪುಟಗಳು ವಿರಳವಾಗಿ, ಒಂದೇ ಅಳತೆ ಪುಟಪುಟಕ್ಕೂ ಬರತೊಡಗಿತು. ಇದು ಲಾ‌ಭವೋ ನಷ್ಟವೋ ಎಂದು ಗಂಡ ಕೇಳಿದಾಗ ಆಕೆ ತುಪ್ಪ, ವಿದ್ಯುತ್ತುಗಳ ಲೆಕ್ಕ ಹೇಳಿದಳಲ್ಲದೆ ಬೇರೆ ಉತ್ತರ ಕೊಡಲಿಲ್ಲ. ಹಬ್ಬಕ್ಕೆ ಮಾತ್ರ ಮಾರುವುದೆಂದು ಕೊನೆಗೆ ನಿಶ್ಚಯಿಸಿದಳು. ಬುದ್ಧಿವಂತಿಕೆಯ ನಿಶ್ಚಯ.

ಅದನ್ನು ಮುರಿದವರು ಅತ್ತೆ. ಕುರುಗೋಡಿನಲ್ಲಿ ಅಣ್ಣನ ಮೊಮ್ಮಗಳ ನಿಶ್ಚಿತಾರ್ಥ, ಮೇ ತಿಂಗಳು. "ನಮ್ಮ ಸೊಸಿ ನೂರಿಪ್ಪತ್ತು ಬ್ರೌನಿ ಮಾಡಿಕೊಡ್ತಾಳ, ತತ್ತಿ ಹಾಕಂಗಿಲ್ಲ," ಎಂದು ಸೊಸೆಯನ್ನು ಕೇಳದೆಯೇ ತವರಿಗೆ ಮಾತು ಕೊಟ್ಟುಬಂದಿದ್ದರು. ಐದು ವರ್ಷ ಪೆಟಿಗಿಯೆಂದು ಜರೆದವರು ಈಗ ತಮ್ಮ ಮರ್ಯಾದೆಯನ್ನು ಆ ಪೆಟಿಗಿಯೊಳಗೇ ಇಟ್ಟಿದ್ದರು.

ತಟ್ಟೆಗೆ ಹದಿನಾರರಂತೆ ಎಂಟು ತಟ್ಟೆ. ಒಂದೊಂದಕ್ಕೆ ಅರ್ಧ ಗಂಟೆ. ಹಿಂದಿನ ಸಂಜೆಯೇ ಹಿಡಿದರು. ಐದು ತಟ್ಟೆ ಸುಸೂತ್ರವಾದವು. ಆರನೆಯದು ಒಳಹೊಕ್ಕಾಗ ಬೇಸಗೆಯ ಗಾಳಿ ಎದ್ದು, ಗುಡುಗಿ, ಊರೆಲ್ಲ ಕತ್ತಲಾಯಿತು. ಸೊಸೆಯ ಕೈ ಓವನ್ನಿನ ಬಾಗಿಲಿಗೆ ಹೋಯಿತು.

"ಬಾಗಿಲಾ ತೆಗೀಬ್ಯಾಡ!" ಎಂದರು ಅತ್ತೆ ಕತ್ತಲಲ್ಲಿ. "ಕಡುಬಿಗೆ ಇಟ್ಟಾಗ ಒಲಿ ಆರಿದ್ರ ಮುಚ್ಚಳಾ ತೆಗಿತೀವೇನು? ಒಳಗ ಕಾವು ಐತಿ. ಇರಲಿ."

ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಬಾಗಿಲಿನ ಸಂದಿಗೆ ಒತ್ತಿ ಹಿಡಿದು ಅವರು ಅಲ್ಲಿಯೇ ನಿಂತರು. ನಲವತ್ತು ನಿಮಿಷ. ದೀಪ ಬಂದಾಗ ಇಬ್ಬರ ಸೆರಗೂ ಬೆವರಿನಿಂದ ತೊಯ್ದಿತ್ತು. ತಟ್ಟೆ ಹೊರಬಂತು: ಅಂಚು ಬೆಂದಿತ್ತು, ನಡು ಕುಸಿದಿತ್ತು.

"ರುಚಿ ಕೆಟ್ಟಿಲ್ಲರೀ ಅತ್ತಿ. ಒಯ್ಯಬಹುದು."

"ಹೆಣ್ಣು ಕೊಡೋ ಮನಿಗೆ ಕುಸಿದದ್ದು ಬ್ಯಾಡ. ಇನ್ನೊಂದು ಇಡು."

ಕೊನೆಯ ತಟ್ಟೆ ಇಳಿದಾಗ ನಡುರಾತ್ರಿ ದಾಟಿತ್ತು. ಬೆಳಿಗ್ಗೆ ಆರಕ್ಕೆಲ್ಲ, ಬಿಸಿಲು ಏರುವ ಮೊದಲೇ, ಡಬ್ಬಗಳು ಕುರುಗೋಡಿನ ದಾರಿ ಹಿಡಿದವು. ಅತ್ತೆ ಮುಂದಿನ ಸೀಟಿನಲ್ಲಿ ಒಂದನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ಡಬ್ಬಗಳು ಬರಿದಾದವೆಂದೂ, ಯಾವ ಬೇಕರಿಯಿಂದ ತರಿಸಿದಿರೆಂದು ಗಂಡಿನ ಕಡೆಯವರು ಕೇಳಿದರೆಂದೂ ಅಲ್ಲಿಂದ ಬಂದವರು ಹೇಳಿದರು.

ಲೆಕ್ಕದ ಪುಸ್ತಕದಲ್ಲಿ ಆ ದಿನದ ಪುಟ ಹೀಗಿದೆ: 'ಆರನೆಯ ತಟ್ಟೆ. ೧೨ ನಿಮಿಷಕ್ಕೆ ಕರೆಂಟು ಹೋಯಿತು. ೪೦ ನಿಮಿಷ ಬಾಗಿಲು ತೆಗೆಯಲಿಲ್ಲ. ಅಂಚು ಸರಿ, ನಡು ಕುಸಿದಿದೆ. ರಾತ್ರಿ ಮುಚ್ಚಿಟ್ಟಾಗ ೧೬ ತುಂಡು. ಬೆಳಿಗ್ಗೆ ಹೊರಡುವಾಗ ೧೫. ಮಗ ಮಲಗಿದ್ದ, ಇವರೂ ಮಲಗಿದ್ದರು. ಕೇಳಲಿಲ್ಲ.'